ಗಂಟು ಮೇಲಾದ ಸೀರೆ

ಆಗ ನನಗೆ ಹತ್ತು ವರ್ಷ. ಅದಾಗಿ ಈಗ ಅರವತ್ತೊಂದು ವರ್ಷ. ಬೆಟಗೇರಿಯ ಆ ಮನೆ ಈಗಿಲ್ಲ, ಅದಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಕುಂತಿದೆ. ಮನೆ ಹೋದದ್ದಕ್ಕೆ ನಾನು ಅತ್ತಿಲ್ಲ. ಸೋರುವ ಮನೆ, ಕತ್ತಲೆ ಮನೆ, ಜಂತಿಯಿಂದ ಚೇಳು ಬೀಳುವ ಮನೆ, ಹೋದರೆ ಹೋಗಲಿ. ಆದರೆ ಅಲ್ಲಿ ನಡೆದ ಒಂದು ಸಂಗತಿಯನ್ನು ಬರೆದಿಡಬೇಕು ಅಂತ ಹೋದ ತಿಂಗಳು ಅನ್ನಿಸಿತು. ಅನ್ನಿಸುವಂತೆ ಮಾಡಿದವಳು ನನ್ನ ಮಗಳ ಮಗಳು ಐಶು. ಹುಬ್ಬಳ್ಳಿಯಲ್ಲಿ ಕಾಲೇಜು ಓದುತ್ತಾಳೆ. ಲಕ್ಷ್ಮೇಶ್ವರದಲ್ಲಿ ಅವರ ಕಾಕಾನ ಮಗಳ ಮದುವೆ ಇತ್ತು. ತಲೆಗೆ ಓಢಣಿ ಹೊದ್ದುಕೊಂಡು ಬರುವುದಾದರೆ ಬಾ, ಇಲ್ಲದಿದ್ದರೆ ಮನೆಯಲ್ಲೇ ಬಿದ್ದಿರು ಅಂತ ಅವರಪ್ಪ ಹೇಳಿದ್ದಕ್ಕೆ ಸಿಟ್ಟಾಗಿ ನನ್ನ ಮನೆಗೆ ಬಂದು ಕುಂತಿದ್ದಳು. ತಲೆಯ ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲಿನ ಕೂದಲು ಬದನೆಕಾಯಿ ಬಣ್ಣ. ಮೈಮೇಲೊಂದು ಹಳೆಯ ಕರಿ ಕೋಟು, ಅದರ ತುಂಬ ತೇಪೆ, ತೇಪೆಯ ತುಂಬ ಪಿನ್ನು.

"ಏನವಾ ಇದು ನಿನ್ನ ಅವತಾರ?"

"ನಾವು ಪಂಕ್ ಅಜ್ಜಿ."

"ಹಂಗಂದ್ರ?"

"ಹಂಗಂದ್ರ ಒಂದು ನಮೂನಿ ಹಾಡು, ಭಾಳ ಜೋರಂದು. ಹಾಡಷ್ಟ ಅಲ್ಲ ಮತ್ತ. ಯಾರರೆ ಹಿಂಗ ಇರು ಅಂದ್ರ ಯಾಕ ಇರಬೇಕು ಅಂತ ಕೇಳೋದು. ಬರಲಿ ಬಿಡಲಿ, ನಮ್ಮ ಕೈಲೆ ನಾವ ಮಾಡೋದು. ನಾಕು ಮಂದಿ ಹುಡುಗ್ಯಾರು ಅದೀವಿ. ಒಬ್ಬರಿಗೂ ನೆಟ್ಟಗ ಬಾರಸಾಕ ಬರಂಗಿಲ್ಲ. ಬಾರಸ್ತೀವಿ."

"ಕೇಳಾಕ ಮಂದಿ ಬರ್ತಾರೇನು?"

"ಹೋದ ಸಲ ಹನ್ನೊಂದು ಮಂದಿ ಬಂದಿದ್ರು. ಅದ್ರಾಗ ಮೂರು ಮಂದಿ ಬೈಯಾಕ ಬಂದಿದ್ರು."

ನಾನು ನಕ್ಕೆ, ಅವಳೂ ನಕ್ಕಳು. ಆಮೇಲೆ ಒಂದು ಮಾತು ಕೇಳಿದೆ.

"ಬಾರಿಸಿದ ಮರುದಿನ ಮುಂಜಾನೆ ಏನ್ ಮಾಡ್ತೀರಿ?"

"ಏನ್ ಮಾಡೋದು? ಹತ್ತರ ತನಕ ಮಲ್ಕೋತೀವಿ."

ಅವಳು ಹೇಳಿದ್ದರಲ್ಲಿ ಹೆಸರೊಂದು ನನಗೆ ಹೊಸದು. ಮಿಕ್ಕಿದ್ದು ಹೊಸದಲ್ಲ. ಆ ಹೆಸರು ಗೊತ್ತಿಲ್ಲದೆ, ಬಾರಿಸಲು ಒಂದು ಡಬ್ಬಿಯೂ ಇಲ್ಲದೆ ಅದನ್ನು ಮಾಡಿದವಳೊಬ್ಬಳು ನಮ್ಮ ಮನೆಯಲ್ಲಿದ್ದಳು. ನನ್ನಪ್ಪನ ತಂಗಿ, ನೀಲತ್ತೆ.

ನಮ್ಮದು ನೇಕಾರರ ಮನೆ. ಬಾಗಿಲು ದಾಟಿದ ಕೂಡಲೇ ಪಡಸಾಲೆ. ಅದರಲ್ಲಿ ಎದುರು ಬದುರಾಗಿ ಎರಡು ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಯುವಂಥ ಮಗ್ಗ. ಒಂದು ಅಪ್ಪನದು. ಇನ್ನೊಂದು ಅಜ್ಜನದು. ಅಜ್ಜ ಒಂದು ಮಧ್ಯಾಹ್ನ ಆ ಕುಣಿಯಲ್ಲಿ ಕುಂತಲ್ಲೇ ತಲೆ ವಾಲಿಸಿ ಸತ್ತಿದ್ದ. ಅವನು ಹಾಕಿದ ಕರಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮಗ್ಗದ ಮೇಲೆ ಹಾಗೇ ಉಳಿದಿತ್ತು, ಇನ್ನೆರಡು ಸೀರೆಯಾಗುವಷ್ಟು. ಅದನ್ನು ಯಾರೂ ಮುಟ್ಟಲಿಲ್ಲ. ಅವ್ವ ದಿನಾ ಅದಕ್ಕೂ ಒಂದು ಊದಿನಕಡ್ಡಿ ಹಚ್ಚುತ್ತಿದ್ದಳು. ಪಡಸಾಲೆಯ ಹಿಂದೆ ಅಡುಗೆಮನೆ, ಹೊಗೆಗೆ ಗೋಡೆಯೆಲ್ಲ ಎಮ್ಮೆ ಬಣ್ಣ. ಉಣ್ಣುವ ಮೊದಲ ಪಾಳಿ ಅಪ್ಪನದು, ಆಮೇಲೆ ನಾನು, ಆಮೇಲೆ ಆಯಿ, ಅಂದರೆ ಅಪ್ಪನ ಅವ್ವ. ಕಡೆಗೆ ಅವ್ವ. ಅವ್ವನ ಪಾಳಿ ಬರುವ ಹೊತ್ತಿಗೆ ಪುಂಡಿ ಪಲ್ಯ ತಳ ಹತ್ತಿರುತ್ತಿತ್ತು. ರೊಟ್ಟಿಯಿಂದ ಬೋಗುಣಿಯನ್ನು ಒರೆಸಿ ಉಣ್ಣುತ್ತಿದ್ದಳು. ಅವಳು ಮಾತು ಕಡಿಮೆ ಆಡುವವಳು. ಎಷ್ಟು ಕಡಿಮೆ ಅಂದರೆ, ಅವಳ ದನಿ ಹೇಗಿತ್ತು ಅಂತ ಈಗ ನೆನೆಸಿಕೊಳ್ಳಲು ಹೋದರೆ ರೊಟ್ಟಿ ಬಡಿಯುವ ಸಪ್ಪಳವೇ ಕೇಳುತ್ತದೆ.

ನಮ್ಮ ಮನೆಯಲ್ಲೊಂದು ಪದ್ಧತಿ. ಹೆಂಗಸರು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಬೇಕು, ನೂಲಿಗೆ ಗಂಜಿ ಹಾಕಬೇಕು, ಹಳೆಯ ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಆದರೆ ಕುಣಿಗೆ ಕಾಲು ಇಳಿಬಿಡಬಾರದು. ಪಕ್ಕದ ಓಣಿಯಲ್ಲಿ ಹೆಂಗಸರೇ ನೇಯುತ್ತಿದ್ದರು, ಅವರಿಗೇನೂ ಆಗಿರಲಿಲ್ಲ. ನಾವು ಅವರಿಗಿಂತ ಒಂದು ಕೈ ಮೇಲು ಅಂತ ತೋರಿಸಲು ನಮಗೆ ಇದ್ದದ್ದು ಇದೊಂದೇ. ಇನ್ನೊಂದು ಪದ್ಧತಿ ಎಲ್ಲ ನೇಕಾರರದೂ ಹೌದು: ಹಾಸಿನ ಎಳೆಗೆ ಕತ್ತರಿ ತಾಗಿಸಬಾರದು. ನೇಯ್ದು ಮುಗಿದ ಸೀರೆ ಕತ್ತರಿಸುವುದು ಬೇರೆ. ನಡುವೆ ಬಿಗಿದು ನಿಂತ ಹಾಸಿಗೆ ಕತ್ತರಿ ಹಾಕುವುದು ಮೊಲೆ ಉಣ್ಣುವ ಕೂಸನ್ನು ಕಿತ್ತಂತೆ ಅಂತ ಆಯಿ ಅನ್ನುತ್ತಿದ್ದಳು. ಕತ್ತರಿ ಹಿಡಿದು ಮಗ್ಗದ ಹತ್ತಿರ ಸುಳಿದರೂ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು.

ನೀಲತ್ತೆಯನ್ನು ಮುಂಡರಗಿಗೆ ಕೊಟ್ಟಿದ್ದರು. ಅವರೂ ನೇಕಾರರೇ. ಒಂದು ದಿನ ಮಟಮಟ ಮಧ್ಯಾಹ್ನ ಒಬ್ಬಳೇ ಬಸ್ಸಿಳಿದು ಬಂದಳು. ಕೈಯಲ್ಲಿ ಗಂಟಿಲ್ಲ, ಕತ್ತರಿಯೊಂದಿತ್ತು. ತಲೆಯಲ್ಲಿ ಜಡೆ ಇರಲಿಲ್ಲ. ಜಡೆ ಇದ್ದ ಜಾಗದಲ್ಲಿ ಕುರಿ ಮೇಯ್ದ ಹೊಲದಂತೆ ಕೂದಲು ಮೋಟು ಮೋಟಾಗಿ ನಿಂತಿತ್ತು. ಅವ್ವ ಕೈಯಲ್ಲಿದ್ದ ಮೊರ ಹಾಗೇ ಹಿಡಿದು ನಿಂತಳು. ಅಪ್ಪ ಲಾಳಿ ನಿಲ್ಲಿಸಿದ.

"ಯಾರು ಕತ್ತರಿಸಿದ್ರು?" ಅಪ್ಪ ಕೇಳಿದ.

"ನಾನ."

"ಯಾಕ?"

"ದಿನಾ ಹಿಡದು ಎಳಿತಿದ್ದ. ಅವಂಗ ಬೇಕಾಗಿದ್ದು ಜಡಿ. ಬಿಟ್ಟು ಬಂದೀನಿ. ಗೂಟಕ್ಕ ಜೋತು ಹಾಕೀನಿ. ಹಿಡಕೊಂಡು ಎಳೀಲಿ ಈಗ, ಎಷ್ಟ ಬೇಕಾದಷ್ಟ."

ಹೀಗೆ ಹೇಳಿ ನೀರು ಕೇಳಿದಳು. ಎರಡು ತಂಬಿಗೆ ಕುಡಿದು ಒಲೆಯ ಮುಂದೆ ಕುಂತು ನಾಲ್ಕು ರೊಟ್ಟಿ ತಿಂದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅಳದವಳು ಅಂತ ಹೊಗಳುತ್ತಿಲ್ಲ, ನೋಡಲಿಲ್ಲ ಅಷ್ಟೇ. ಕೂದಲು ಬೆಳೆಯುವ ತನಕ ಸೆರಗು ಹೊದ್ದುಕೋ ಅಂತ ಆಯಿ ಹೇಳಿದಳು. ತಲೆ ಕಡಿಯುತ್ತದೆ ಅಂದು ಹೊದ್ದುಕೊಳ್ಳಲಿಲ್ಲ. ಕೂದಲು ಕಿವಿ ಮುಟ್ಟಿದ ಕೂಡಲೇ ಮತ್ತೆ ಕತ್ತರಿ ಹಾಕಿದಳು. ಕನ್ನಡಿ ಸಹ ನೋಡಲಿಲ್ಲ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅವಳು ಒಳ್ಳೆಯವಳೇನಲ್ಲ. ಗೊರಕೆ ಹೊಡೆಯುತ್ತಿದ್ದಳು, ಖಾರ ಸಾಲಲಿಲ್ಲ ಅಂದರೆ ತಾಟು ಸರಿಸುತ್ತಿದ್ದಳು, ಅವ್ವನ ಕೆಲಸಕ್ಕೆಲ್ಲ ಹೆಸರಿಡುತ್ತಿದ್ದಳು. ಕುಪ್ಪಸದ ಗುಂಡಿ ಹೋದ ಜಾಗಕ್ಕೆ ಒಂದು ಪಿನ್ನು ಚುಚ್ಚಿಕೊಂಡಿದ್ದಳು. ಕಾಲಿಗೆ ಮುಳ್ಳು ಚುಚ್ಚಿದರೆ ಅದೇ ಪಿನ್ನು, ಹಲ್ಲಿನ ಸಂದಿಗೂ ಅದೇ.

ಸೀರೆ ನೇಯ್ದು ಕತ್ತರಿಸಿದ ಮೇಲೆ ಮಗ್ಗದಲ್ಲಿ ಗೇಣುದ್ದ, ಮೊಳದುದ್ದ ನೂಲಿನ ತುಂಡು ಉಳಿಯುತ್ತವೆ. ಅವು ಯಾವುದಕ್ಕೂ ಬರುವುದಿಲ್ಲ. ಒಲೆ ಹಚ್ಚಲು, ಬಾಣಲೆ ತಿಕ್ಕಲು ಅಷ್ಟೇ. ನೀಲತ್ತೆ ಅವನ್ನು ಕೂಡಿಡತೊಡಗಿದಳು. ನಮ್ಮ ಮನೆಯವು ಸಾಲದೆ ಓಣಿಯೆಲ್ಲ ತಿರುಗಿ ತಂದಳು. ಕುಂತಲ್ಲಿ ನಿಂತಲ್ಲಿ ತುಂಡಿಗೆ ತುಂಡು ಗಂಟು ಹಾಕುವುದು, ಕೆಂಪಿಗೆ ಹಸಿರು, ಹಸಿರಿಗೆ ಅರಿಸಿನ. ಕೌದಿ ಹೊಲಿಯಲು ದಾರ ಮಾಡುತ್ತಿದ್ದಾಳೆ ಅಂದುಕೊಂಡೆವು. ಒಂದು ದಿನ ಅಪ್ಪ ಗದಗಿಗೆ ಹೋಗಿದ್ದ. ಬರುವ ಹೊತ್ತಿಗೆ ಅವಳು ಅಜ್ಜನ ಮಗ್ಗದ ಧೂಳು ಹೊಡೆದು ಕುಣಿಗೆ ಇಳಿದು ಕುಂತಿದ್ದಳು. ಅಜ್ಜನ ಕರಿ ಹಾಸಿನೊಳಗೆ ಆ ಗಂಟು ಗಂಟಿನ ನೂಲು ಹೊಗಿಸಿ ಮೊಳದಷ್ಟು ನೇಯ್ದೂ ಬಿಟ್ಟಿದ್ದಳು.

"ಏಳು ಮ್ಯಾಲೆ," ಅಪ್ಪ ಬಾಗಿಲಲ್ಲೇ ನಿಂತು ಅಂದ. "ಹೆಂಗಸು ಕುಣಿಗೆ ಇಳದ್ರ ಮನಿ ಉಳಿತೈತೇನ?"

"ಗಂಡಸ ಇಳದು ಎಷ್ಟ ಉಳಿಸ್ಯಾನ ಕಾಣತೈತಿ. ಅಡಿಗಿಮನಿ ಮ್ಯಾಲ ನೋಡು, ಆಕಾಶ ಕಾಣತೈತಿ."

"ನೀಲಾ, ಅದು ಅಪ್ಪನ ಹಾಸು!"

"ಅಪ್ಪ ಉಡಾಕ ಹಾಕಿದ್ದ, ಊದಿನಕಡ್ಡಿ ಹಚ್ಚಾಕ ಅಲ್ಲ."

ಅಪ್ಪ ಆಯಿಯ ಕಡೆ ತಿರುಗಿದ. ಮಗ್ಗ ಅವಳ ಗಂಡನದು, ಅವಳು ಒಂದು ಮಾತು ಅಂದರೆ ಮುಗಿಯಿತು. ಆಯಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಕಾಣಬೇಕಾದದ್ದು ಕಾಣುತ್ತಿತ್ತು, ಬೇಡವಾದದ್ದು ಕಾಣುತ್ತಿರಲಿಲ್ಲ.

"ನನಗ ಕಣ್ಣ ಕಾಣಂಗಿಲ್ಲಪ. ಯಾರು ಎಲ್ಲಿ ಕುಂತೀರೋ ನನಗೇನ ಗೊತ್ತು?"

ಆ ದಿನ ಅಪ್ಪ ಉಣ್ಣಲಿಲ್ಲ. ಮರುದಿನ ಉಂಡ. ಅತ್ತೆ ನೇಯುತ್ತಲೇ ಹೋದಳು. ಅವಳಿಗೆ ಸರಿಯಾಗಿ ನೇಯಲು ಬರುತ್ತಿರಲಿಲ್ಲ. ಅಂಚು ಹಾವಿನಂತೆ ಒಳಗೂ ಹೊರಗೂ ಓಡಾಡುತ್ತಿತ್ತು. ಗಂಟುಗಳೆಲ್ಲ ಮೇಲೆ. ಗಂಟನ್ನು ಹಿಂದಕ್ಕೆ ದೂಡಿ ಮುಂದಿನ ಮೈ ನುಣುಪಾಗಿ ಇಡುವುದು ನೇಕಾರನ ಮರ್ಯಾದೆ. ಇವಳು ದೂಡಲಿಲ್ಲ. ಸೀರೆ ಮುಗಿಯಿತು, ಕತ್ತರಿಸಿದಳು, ಗಂಟು ಮೇಲೆ ಮಾಡಿಯೇ ಉಟ್ಟಳು. ಹಾಗೇ ನೀರಿಗೆ ಹೋದಳು, ಗದಗಿನ ಸಂತೆಗೂ ಹೋದಳು. ತೋರಿಸಲು ಹೋದಳು ಅಂತ ನಾನೂ ಆಗ ತಿಳಿದಿದ್ದೆ. ಅಲ್ಲ. ಅವಳಿಗೆ ಇದ್ದದ್ದು ಎರಡು ಸೀರೆ, ಒಂದು ತೋಯ್ದಿತ್ತು.

ಶಾಲೆಯಲ್ಲಿ ನನ್ನ ಬಾಳು ನಾಯಿಪಾಡಾಯಿತು.

"ಗಿರಿಜಿ, ನಿಮ್ಮತ್ತಿ ಗುಬ್ಬಿಗೂಡು ಉಟ್ಟಗೊಂಡು ಅಡ್ಡಾಡ್ತಾಳಂತಲ್ಲ, ಮರಿ ಹಾಕ್ಯಾವೇನ?"

"ತಲಿ ಗಂಡಸಂದು, ಸೀರಿ ಕೌದಿದು!"

ಅವರನ್ನು ಹೊಡೆಯುವ ಬದಲು ನಾನು ಅತ್ತೆಯನ್ನು ದ್ವೇಷಿಸಿದೆ. ಸಮೀಪದವರನ್ನು ದ್ವೇಷಿಸುವುದು ಸುಲಭ, ದೂರ ಹೋಗಬೇಕಾಗಿಲ್ಲ. ನೀರಿಗೆ ಅವಳ ಜೊತೆ ಹೋಗುವುದನ್ನು ಬಿಟ್ಟೆ. ಅವಳಿಗೆ ಅದು ತಿಳಿಯಿತು, ಒಬ್ಬಳೇ ಹೋಗತೊಡಗಿದಳು.

ಆಗ ಹೋಳಿ ಹುಣ್ಣಿಮೆ ಬಂತು. ನಮ್ಮಪ್ಪ ವರ್ಷವಿಡೀ ಮೆತ್ತಗಿನ ಮನುಷ್ಯ, ಹೋಳಿಯಲ್ಲಿ ಮಾತ್ರ ಹುಲಿ. ಹಲಗೆ ಬಾರಿಸುವುದರಲ್ಲಿ ಅವನನ್ನು ಹಿಡಿಯುವವರು ಬೆಟಗೇರಿಯಲ್ಲಿ ಇರಲಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡು, ಹರಕು ಗೋಣಿ ಉಟ್ಟು, ಇಪ್ಪತ್ತು ಮಂದಿಯ ಮುಂದೆ ಹಲಗೆ ಹೊಡೆಯುತ್ತ ಓಣಿಯ ತುದಿಯಲ್ಲಿದ್ದ ಮಾಲಕರ ಮನೆಯ ಮುಂದೆ ನಿಂತ. ಮಾಲಕರು ಅಂದರೆ ನಮಗೆ ನೂಲು ಕೊಟ್ಟು ನೇಯಿಸಿಕೊಳ್ಳುವವರು. ಅಲ್ಲಿ ನಿಂತು ಬಾಯಿಗೆ ಕೈ ಬಡಿದುಕೊಂಡು, ಬರೆಯಲಾಗದಂಥ ಮಾತುಗಳಲ್ಲಿ ಅವರ ಮುತ್ತಜ್ಜನ ತನಕ ಬೈದ. ಮಾಲಕರು ಮೇಲಟ್ಟದಲ್ಲಿ ನಿಂತು ನಗುತ್ತಿದ್ದರು, ಮಂಡಕ್ಕಿ ತೂರಿದರು. ನನಗೆ ಎದೆ ಉಬ್ಬಿತು. ನನ್ನಪ್ಪ ಯಾರಿಗೂ ಹೆದರುವವನಲ್ಲ ಅನ್ನಿಸಿತು. ನೀಲತ್ತೆ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೊಯ್ಕೋ, ಹೊಯ್ಕೋ," ಅಂದಳು ತನ್ನಷ್ಟಕ್ಕೆ. "ನಾಳೆ ಮುಂಜಾನೆ ನೋಡೂಣು."

ಮರುದಿನ ಮುಂಜಾನೆ ಸೀರೆ ಕೊಡಲು ಅಪ್ಪ ಮಾಲಕರ ಮನೆಗೆ ಹೋದಾಗ ನಾನೂ ಹೋದೆ. ಕಿವಿಯ ಹಿಂದೆ ಮಸಿ ಇನ್ನೂ ಹೋಗಿರಲಿಲ್ಲ. ಚಪ್ಪಲಿ ದೂರ ಬಿಟ್ಟ, ಹೊಸ್ತಿಲ ಹೊರಗೆ ಕುಂತ. ಮಾಲಕರು ಸೀರೆ ಬಿಡಿಸಿ ಬೆಳಕಿಗೆ ಹಿಡಿದರು. ಸೆರಗಿನ ಹತ್ತಿರ ಒಂದು ಗಂಟು ಕಂಡಿತು, ಸಾಸಿವೆಯಷ್ಟು.

"ಏನಲೇ ಇದು? ನಿನ್ನ ತಂಗಿ ಉಟ್ಟಿದ್ದು ಊರೆಲ್ಲ ನೋಡೇತಿ. ನೀನೂ ಹಂಗ ನೇಯಾಕ ಹತ್ತಿಯೇನು?"

"ಇಲ್ರಿ, ಕಣ್ ತಪ್ಪೇತ್ರಿ, ಇನ್ನೊಮ್ಮೆ ಆಗಂಗಿಲ್ರಿ."

"ಆಕಿನ್ನ ಮೊದಲ ಗಂಡನ ಮನಿಗೆ ಕಳಸು. ಇಲ್ಲಂದ್ರ ನೂಲು ಕೇಳಾಕ ನನ್ನ ಬಾಗಲಿಗೆ ಬರಬ್ಯಾಡ."

ಸೀರೆ ಅಪ್ಪನ ಮುಂದೆ ಬಿತ್ತು. ಅಪ್ಪ ಅದನ್ನೆತ್ತಿ, ಧೂಳು ಝಾಡಿಸಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡ. ಎರಡೂ ಕೈ ಮುಗಿದ. ನಿನ್ನೆ ಹಲಗೆ ಹಿಡಿದಿದ್ದವೂ ಅವೇ ಕೈ. ಮನೆಗೆ ಬಂದು ಮುಂಡರಗಿಗೆ ಹೇಳಿ ಕಳಿಸಿದ, ಹಿರಿಯರನ್ನು ಕರೆದುಕೊಂಡು ಬಂದು ನಿಮ್ಮ ಮನೆಯವಳನ್ನು ಕರಕೊಂಡು ಹೋಗಿರಿ ಅಂತ. ಅವರು ಬರುವುದಕ್ಕೆ ನಾಲ್ಕು ದಿನ ಇತ್ತು. ಅತ್ತೆಗೆ ಗೊತ್ತಾಯಿತು. ಅವಳು ಎರಡನೆಯ ಸೀರೆ ನೇಯುತ್ತಿದ್ದಳು, ನೇಯುತ್ತಲೇ ಇದ್ದಳು. ಆ ಸೀರೆ ಪಕ್ಕದ ಓಣಿಯ ಒಬ್ಬಳು ತನಗೆ ಬೇಕು ಅಂದಿದ್ದಳು. ಇನ್ನೊಬ್ಬಳೂ ಕೇಳಿದ್ದಳು. ಅತ್ತೆಯ ಅನ್ನ ಅತ್ತೆಯ ಕೈಗೆ ಬರುವುದಿತ್ತು. ಅಪ್ಪನಿಗೆ ಅದೂ ಗೊತ್ತಿತ್ತು. ಉಣ್ಣಲು ಕುಂತಾಗ ಅವ್ವನಿಗೆ ಅಂದ:

"ಆ ಹಾಸು ಒಂದು ನಿಂತುಬಿಟ್ರ ಸಾಕು. ಹಾಸು ಇರೂತನ ಆಕಿ ಏಳಂಗಿಲ್ಲ."

ಆ ಮಾತು ನನ್ನ ಕಿವಿಯಲ್ಲಿ ಕುಂತಿತು. ಹಿರಿಯರು ಬರುವ ಹಿಂದಿನ ದಿನ ಸಂಜೆ ಅತ್ತೆ ನೀರಿಗೆ ಹೋಗಿದ್ದಳು. ಅಪ್ಪ ಹೊರಗೆ, ಅವ್ವ ಒಲೆಯ ಮುಂದೆ. ನಾನು ಅತ್ತೆಯ ಕತ್ತರಿ ತೆಗೆದುಕೊಂಡು ಅಜ್ಜನ ಮಗ್ಗದ ಹತ್ತಿರ ಹೋದೆ. ಬಿಗಿದ ಹಾಸಿಗೆ ಕತ್ತರಿ ಹಾಕಿದರೆ ಸಪ್ಪಳ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹುರಿಗಾಳು ಸಿಡಿದಂತೆ ಟಪ ಟಪ ಅಂತ ಎಳೆಗಳು ಸಿಡಿದು ಎರಡು ಕಡೆಗೂ ಬಿದ್ದವು. ಹೆದರಿಕೆ ಬಂತು, ಆದರೂ ಕೈ ನಿಲ್ಲಲಿಲ್ಲ. ಅರ್ಧ ಹಾಸು ಕತ್ತರಿಸಿದ್ದೆ, ಮೂಲೆಯಿಂದ ಆಯಿ ಕೇಳಿದಳು.

"ಯಾರದು? ಹಾಸಿಗೆ ಕತ್ತರಿ ಹಚ್ಚಿದವರು ಯಾರದು?"

ಆಗ ನಿಂತಿತು.

ಅಪ್ಪ ಬಂದು ನೋಡಿದ. ಅವನಿಗೆ ಸಂತೋಷ ಆಗುತ್ತದೆ, ತಲೆ ಸವರುತ್ತಾನೆ ಅಂದುಕೊಂಡಿದ್ದೆ. ಅಪ್ಪನ ಮುಖ ಸುಣ್ಣದಂತಾಯಿತು. ನೆಲಕ್ಕೆ ಕುಂತು ಜೋತುಬಿದ್ದ ಎಳೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡ. ಆಮೇಲೆ ಎದ್ದು ನನ್ನ ಕಪಾಳಕ್ಕೆ ಹೊಡೆದ.

"ಅಪ್ಪನ ಹಾಸು ಕತ್ತರಿಸಿದೆಲ್ಲಲೇ!"

"ನೀನ ಅಂದಿದ್ದೆಲ್ಲಪಾ, ಹಾಸು ನಿಂತ್ರ ಸಾಕು ಅಂತ!"

ಎತ್ತಿದ ಇನ್ನೊಂದು ಕೈ ಅಲ್ಲೇ ನಿಂತಿತು. ಅಪ್ಪ ಬಚ್ಚಲಿಗೆ ಹೋಗಿ ಎಷ್ಟೋ ಹೊತ್ತು ಮುಖ ತೊಳೆದುಕೊಂಡ. ಅಷ್ಟರಲ್ಲಿ ನೀಲತ್ತೆ ಕೊಡ ಹೊತ್ತು ಬಂದಳು. ಕೊಡ ಇಳಿಸಿದಳು, ಮಗ್ಗ ನೋಡಿದಳು, ನನ್ನ ಕೆನ್ನೆ ನೋಡಿದಳು. ಕತ್ತರಿಸಿದ ಒಂದು ಎಳೆಯ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿದಳು.

"ಕತ್ತರಿ ಮೊಂಡ ಐತಿ, ತುದಿ ಜಜ್ಜಿ ಹೋಗ್ಯಾವು," ಅಂದಳು. "ಕತ್ತರಸೋದಿದ್ರ ಸಾಣಿ ಹಿಡಿಸಿ ಕತ್ತರಸಬೇಕು. ನಿನಗ ಎಳಿ ಕೂಡ್ಸಾಕ ಬರ್ತೈತಿಲ್ಲ?"

ತಲೆ ಆಡಿಸಿದೆ.

"ಹಂಗಾರ ಮುಂಜಾನೆ ಕುಂಡ್ರು."

ಬೆಳಕು ಹರಿಯುತ್ತಲೇ ಕುಂತೆವು, ಅತ್ತೆ ಒಂದು ಕಡೆ, ನಾನು ಒಂದು ಕಡೆ. ಎಳೆ ಹುಡುಕಿ, ಜೊತೆ ಹಿಡಿದು, ಗಂಟು ಹಾಕಿ, ಬೂದಿ ಹಚ್ಚಿದ ಬೆರಳಿಂದ ಬಿಗಿ ಮಾಡುವುದು. ಒಂದು ತಪ್ಪಿದರೆ ಮುಂದಿನವೆಲ್ಲ ತಪ್ಪುತ್ತವೆ. ಹತ್ತು ಎಳೆ ಆಗುವ ಹೊತ್ತಿಗೆ ನನಗೆ ಅಳು ಬಂತು, ಅತ್ತೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಒಲೆ ಆರಿಸಿ ಅವ್ವ ಬಂದು ನಮ್ಮ ನಡುವೆ ಕುಂತಳು. ಯಾರೂ ಕರೆದಿರಲಿಲ್ಲ.

"ವೈನಿ, ನೀ ಬ್ಯಾಡ. ಅಣ್ಣ ಸಿಟ್ಟ ಆಗ್ತಾನ," ಅತ್ತೆ ಅಂದಳು.

ಅವ್ವ ಬೆರಳಿಗೆ ಬೂದಿ ಹಚ್ಚಿಕೊಂಡಳು. ನಾನು ಒಂದು ಗಂಟು ಹಾಕುವುದರಲ್ಲಿ ಅವಳು ನಾಲ್ಕು ಹಾಕುತ್ತಿದ್ದಳು. ಆಮೇಲೆ ಆಯಿ ಗೋಡೆ ಹಿಡಿದು ಬಂದಳು. ಅವಳಿಗೆ ಎಳೆ ಕಾಣುತ್ತಿರಲಿಲ್ಲ, ಬೆರಳಿಗೆ ತಿಳಿಯುತ್ತಿತ್ತು. ಜೋತುಬಿದ್ದವುಗಳನ್ನು ಸಾಲಾಗಿ ಬಿಡಿಸಿ ಅವ್ವನ ಕೈಗೆ ಕೊಡುತ್ತಿದ್ದಳು. ಅಪ್ಪ ತನ್ನ ಮಗ್ಗದಲ್ಲಿ ಕುಂತು ಲಾಳಿ ಹಿಡಿದಿದ್ದ, ಓಡಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುಂಡರಗಿಯವರು ಬಂದರು. ಇಬ್ಬರು ಹಿರಿಯರು, ಜೊತೆಗೆ ಅತ್ತೆಯ ಗಂಡ. ಅವನು ಹೆಗಲ ಮೇಲೆ ಹೊಸ ಟಾವೆಲು ಹಾಕಿಕೊಂಡಿದ್ದ.

"ಬರ್ರಿ, ಬರ್ರಿ, ಕುಂಡ್ರಿ," ಅಂತ ಅಪ್ಪ ಎದ್ದ. "ಏ, ನೀರ ಕೊಡ್ರಿ. ಚಾ ಇಡ್ರಿ."

ಯಾರೂ ಏಳಲಿಲ್ಲ. ಅಪ್ಪ ಇನ್ನೊಮ್ಮೆ ಹೇಳಿದ. ಆಗ ಅವ್ವ ತಲೆ ಎತ್ತದೆ ಅಂದಳು:

"ಎಳಿ ಹಿಡದೀನ್ರಿ. ಏಳಾಕ ಬರಂಗಿಲ್ಲ."

ಹಾಸು ಕೂಡಿಸುವಾಗ ನಡುವೆ ಏಳಬಾರದು, ಎದ್ದರೆ ಎಳೆಗಳ ಸಾಲು ಕಲಸಿಹೋಗುತ್ತದೆ. ಇದು ನಮ್ಮ ಮನೆಯದೊಂದೇ ಅಲ್ಲ, ಎಲ್ಲ ನೇಕಾರರ ಮನೆಯ ಪದ್ಧತಿ. ಬಂದವರೂ ನೇಕಾರರು. ದೊಡ್ಡ ಹಿರಿಯನೇ ಅಂದ:

"ಏಳಸಬ್ಯಾಡ, ಏಳಸಬ್ಯಾಡ. ಹಾಸು ಕೆಡತೈತಿ."

ಅಪ್ಪ ಅಡುಗೆಮನೆಗೆ ಹೋದ. ಅವನು ಒಲೆ ಹಚ್ಚಿದ್ದನ್ನು ನಾನು ಅಂದೇ ನೋಡಿದ್ದು. ಮನೆ ತುಂಬ ಹೊಗೆ ಬಂತು. ಹೊಗೆಯೊಳಗಿಂದ ಸಕ್ಕರೆ ಎಲ್ಲಿದೆ ಅಂತ ಕೇಳಿದ. ಗೂಡಿನಲ್ಲಿ, ಎಡಕ್ಕೆ ಅಂತ ಅವ್ವ ಹೇಳಿದಳು. ಚಾ ಸೋಸುವುದು ಯಾವುದರಲ್ಲಿ ಅಂತ ಕೇಳಿದ. ಅವ್ವನ ತುಟಿಯ ಕೊನೆ ಅಲುಗಿದ್ದು ನನಗೆ ಕಂಡಿತು. ಇತ್ತ ದೊಡ್ಡ ಹಿರಿಯ ಮಾತು ತೆಗೆದ.

"ನೀಲವ್ವ, ಆಗಿದ್ದು ಆಗಿಹೋತು. ಕೂದಲಾ ಏನ, ಬೆಳಿತಾವ. ನಡಿ ನಿಮ್ಮ ಮನಿಗೆ."

"ಬೆಳಿತಾವ್ರಿ. ಬೆಳದಂಗ ಕತ್ತರಸ್ತೀನಿ."

"ಇನ್ನ ಮ್ಯಾಲೆ ಕೈ ಮಾಡಂಗಿಲ್ಲ," ಅಂದ ಗಂಡ, ಹಿರಿಯನ ಮುಖ ನೋಡಿ.

"ಅವರ ಮುಖಾ ನೋಡಿ ಯಾಕ ಹೇಳ್ತಿ? ಹೊಡದದ್ದು ನನಗಲ್ಲ?"

ಅವನು ಅವಳ ಮುಖ ನೋಡಿ ಹೇಳಬೇಕಾಗಿತ್ತು. ಹೇಳಿದ್ದರೆ ಅವಳು ಹೋಗುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಅವನು ಟಾವೆಲಿನ ತುದಿ ನೋಡಿದ.

"ಹಿಂಗ ಎಷ್ಟ ದಿನಾ ತವರಮನ್ಯಾಗ ಕುಂಡ್ರಾಕಿ?" ಹಿರಿಯ ದನಿ ಏರಿಸಿದ.

"ಈ ಹಾಸು ಮುಗಿಯೂತನ. ಮುಗಿದ ಮ್ಯಾಲೆ ಇನ್ನೊಂದು ಹಾಕ್ತೀನಿ."

"ಆಯಿ, ನೀವರೆ ಒಂದು ಮಾತು ಹೇಳ್ರಿ," ಅಂದ ಹಿರಿಯ.

"ನನಗ ಕಣ್ಣ ಕಾಣಂಗಿಲ್ಲಪ," ಆಯಿ ಅಂದಳು. "ಯಾರು ಬಂದೀರಿ ಅನ್ನೂದ ತಿಳಿವಲ್ದು. ಎಳಿ ಅಷ್ಟ ತಿಳಿತಾವ."

ಸಣ್ಣ ಹಿರಿಯ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಬಗ್ಗಿ ನನ್ನ ಕೈಯನ್ನೇ ನೋಡುತ್ತಿದ್ದ.

"ತಂಗಿ, ಗಂಟ ಸಣ್ಣ ಹಾಕು. ದಪ್ಪ ಆದ್ರ ಮಗ್ಗದ ಹಣಿಗಿಯಾಗ ಸಿಕ್ಕೋತೈತಿ," ಅಂದ. ದೊಡ್ಡ ಹಿರಿಯ ಅವನನ್ನು ದುರುಗುಟ್ಟಿ ನೋಡಿದ.

ಅಪ್ಪ ಚಾ ತಂದ. ಮೇಲೆ ಬೂದಿ ತೇಲುತ್ತಿತ್ತು. ದೊಡ್ಡ ಹಿರಿಯ ಒಂದು ಗುಟುಕು ಕುಡಿದು ಕೆಳಗಿಟ್ಟ.

"ಕರಿಸಿದವ ನೀನು. ಮನಿ ಯಜಮಾನ ನೀನು. ಏನಂತಿ? ಕಳಸ್ತಿಯೋ ಇಲ್ಲೋ?"

ನನ್ನ ಕೈ ನಿಂತಿತು. ಅವ್ವನ ಕೈ ನಿಲ್ಲಲಿಲ್ಲ, ಆದರೆ ಎಳೆಯಿಲ್ಲದ ಜಾಗದಲ್ಲಿ ಬೆರಳು ಹೊಸೆಯುತ್ತಿತ್ತು. ಅತ್ತೆ ಅಪ್ಪನನ್ನು ನೋಡಲಿಲ್ಲ. ಅಪ್ಪ ಚಾದ ಬಸಿಗಳನ್ನು ಹಿಡಿದು ನಿಂತಿದ್ದ. ಅಜ್ಜನ ಹಾಸು ನೋಡಿದ, ನಾಲ್ಕು ಹೆಂಗಸರ ಬಗ್ಗಿದ ತಲೆ ನೋಡಿದ. ಒಂದು ತಲೆ ಮೋಟು.

"ಹಾಸು ಕೂಡ್ಲಿ ಬಿಡ್ರಿ. ಆಮ್ಯಾಲೆ ನೋಡೂಣು," ಅಂದ.

ಅಷ್ಟೇ. ಅದಕ್ಕಿಂತ ಹೆಚ್ಚಿನದು ಅವನ ಕೈಲಿ ಆಗುತ್ತಿರಲಿಲ್ಲ. ಇಷ್ಟು ಆಯಿತಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಅವರು ಬಸ್ಸು ಹಿಡಿದು ಹೋದರು, ಮತ್ತೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಡೆಯ ಎಳೆ ಕೂಡಿತು. ಅವ್ವ ಸೊಂಟ ಹಿಡಿದುಕೊಂಡು ಎದ್ದು ರೊಟ್ಟಿಗೆ ಹಿಟ್ಟು ಕಲಸಿದಳು. ಆ ದಿನ ಎಲ್ಲರೂ ಒಮ್ಮೆಲೇ ಉಂಡೆವು. ಪದ್ಧತಿ ಬದಲಾಯಿತು ಅಂತಲ್ಲ, ಎಲ್ಲರಿಗೂ ಹಸಿವಾಗಿತ್ತು.

ಇದರಿಂದ ದೊಡ್ಡದೇನೂ ಆಗಲಿಲ್ಲ. ಮಾಲಕರು ಅಪ್ಪನಿಗೆ ನೂಲು ಕೊಡುವುದನ್ನು ನಿಲ್ಲಿಸಿದರು. ಅಪ್ಪ ಬೇರೆಯವರ ಹತ್ತಿರ ಹೋದ, ಅವರ ಹೊಸ್ತಿಲ ಹೊರಗೆ ಕುಂತ. ನೀಲತ್ತೆಯನ್ನು ಲಗ್ನಕ್ಕೆ ಕರೆಯುವುದನ್ನು ಬಳಗದವರು ಬಿಟ್ಟರು. ಅವಳು ಸಾಯುವ ತನಕ ಅದೇ ಕುಣಿಯಲ್ಲಿ ನೇಯ್ದಳು. ಅಂಚು ಬರಬರುತ್ತ ನೆಟ್ಟಗಾಯಿತು, ಗಂಟು ಮಾತ್ರ ಮೇಲೇ ಇದ್ದವು. ಜಡೆ ಕತ್ತರಿಸಿದ್ದಕ್ಕೆ ಯಾವತ್ತಾದರೂ ಕೆಡುಕೆನ್ನಿಸಿತೇ ಅಂತ ನಾನು ದೊಡ್ಡವಳಾದ ಮೇಲೆ ಕೇಳಿದ್ದೆ.

"ಥಂಡಿಯಾಗ ತಲಿ ಹೆಪ್ಪುಗಟ್ಟತೈತಿ," ಅಂದಳು. "ಬ್ಯಾಸಗಿಯಾಗ ಕತ್ತರಸಬೇಕಿತ್ತು."

ಐಶುವಿನ ಕೋಟಿನ ತೇಪೆಗಳನ್ನು ತಿರುಗಿಸಿ ನೋಡಿದೆ. ಹೊಲಿಗೆ ಉದ್ದುದ್ದ, ಎರಡು ಕಡೆ ಬಿಚ್ಚಿತ್ತು.

"ಪಂಕ್ ಅಂದ್ರ ಹಂಗ ಇರಬೇಕಜ್ಜಿ," ಅಂದಳು.

"ಸೊಟ್ಟ ಇರಲಿ. ಬಿಚ್ಚಬಾರದು. ನಮ್ಮತ್ತಿದು ಒಂದು ಗಂಟೂ ಬಿಚ್ಚಲಿಲ್ಲ."

ಸೂಜಿ ತಂದು ಕೊಟ್ಟೆ, ಕುಂತು ಹೊಲಿದಳು. ಓಢಣಿ ಹೊದ್ದುಕೋ ಅಂತಲೂ ನಾನು ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ತಲೆ ಅವಳದು, ಥಂಡಿಯೂ ಅವಳದೇ. ಕಿರುಚಲು ಒಂದು ದಿನ ಎಲ್ಲರಿಗೂ ಸಿಗುತ್ತದೆ, ನಮ್ಮಪ್ಪನಿಗೂ ಸಿಕ್ಕಿತ್ತು, ಮೇಲಿಂದ ಮಂಡಕ್ಕಿಯೂ ಬಿದ್ದಿತ್ತು. ಅದಕ್ಕೇ ನಾನು ಅವಳಿಗೆ ಮರುದಿನ ಮುಂಜಾನೆಯ ಮಾತು ಕೇಳಿದ್ದು. ನೀನೇನು ಮಾಡಿದ್ದೆ ಅಂತ ಅವಳು ತಿರುಗಿ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಹಾಸು ಕೂಡಿದ ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದೆ. ಬೆರಳ ತುದಿಗಳು ಸುಲಿದಿದ್ದವು. ಅಪ್ಪ ಎದ್ದು ಕುಂತು ನನ್ನನ್ನು ನೋಡಿದ, ಮತ್ತೆ ಮಲಗಿದ. ನಾನು ಮುಖ ಸಹ ತೊಳೆಯದೆ ಅಜ್ಜನ ಕುಣಿಗೆ ಇಳಿದೆ. ಕುಂತರೆ ಕಾಲು ಮುಟ್ಟಲಿಲ್ಲ. ನಿಂತು ತುಳಿದೆ.